ಮೂರು ತಾಸಿನ ಊರು, ಇಪ್ಪತ್ತೆರಡು ನಿಮಿಷದ ಸೀಡಿ

ತಪ್ಪು ಒಪ್ಪಿಕೊಳ್ಳುವುದಿದ್ದರೆ ಮೊದಲಿಗೇ ಒಪ್ಪಿಕೊಂಡುಬಿಡಬೇಕು. ಆಮೇಲೆ ಓದುಗರೇ ಕಂಡುಹಿಡಿದರೆ ಉಳಿದ ಮರ್ಯಾದೆಯೂ ಹೋಗುತ್ತದೆ. ನನಗೆ ಇನ್ನೊಬ್ಬರದನ್ನು ತಿದ್ದುವ ಚಟ. ಬನಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಇಪ್ಪತ್ತು ವರ್ಷ ಕೆಂಪು ಪೆನ್ನು ಹಿಡಿದವನಿಗೆ ಇದು ಹತ್ತದಿದ್ದರೇ ಆಶ್ಚರ್ಯ. ಲಗ್ನಪತ್ರಿಕೆ ಕೈಗೆ ಬಂದರೆ ಲಗ್ನ ಯಾರದು ಅನ್ನುವುದಕ್ಕಿಂತ ಮೊದಲು ಎಲ್ಲಿ ಒತ್ತಕ್ಷರ ಬಿಟ್ಟಿದ್ದಾರೆ ಎಂದು ನೋಡುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಮಹಾದೇವಿ ತವರಿನಿಂದ ಬರೆದ ಪ್ರೀತಿಯ ಕಾಗದಕ್ಕೆ ಮೂರು ಕಡೆ ದೀರ್ಘ ಹಾಕಿ, ಕೆಳಗೆ ಸಹಿ ಮಾಡಿ ಅವಳಿಗೇ ವಾಪಸು ಕೊಟ್ಟಿದ್ದೆ. ಅವಳು ಮತ್ತೆ ಕಾಗದ ಬರೆಯಲಿಲ್ಲ. ಇಂಥವನಿಗೆ ವಿಡಿಯೋ ಎಡಿಟಿಂಗ್ ಎಂಬ ವಿದ್ಯೆಯ ಹೆಸರು ಕಿವಿಗೆ ಬೀಳಬಾರದಿತ್ತು. ಬಿತ್ತು.

ಮಹಾದೇವಿಯ ತವರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಸಣ್ಣ ಹಳ್ಳಿ. ಅಣೆಕಟ್ಟಿನ ಹಿನ್ನೀರು ಬರುತ್ತದೆ, ಊರು ಬಿಡಿ ಎಂದು ವರ್ಷಗಟ್ಟಲೆ ಹೇಳಿ ಹೇಳಿ, ಇನ್ನು ಬರಲಿಕ್ಕಿಲ್ಲ ಎಂದು ಎಲ್ಲರಿಗೂ ಧೈರ್ಯ ಬಂದ ಮೇಲೆ ಖರೆಖರೆ ನೀರು ಬಂತು. ಊರು ಖಾಲಿಯಾಗುವ ಹಿಂದಿನ ವಾರ ನಾನು ಹೋಗಿ, ಮಿಲಿಟರಿಯಲ್ಲಿದ್ದ ನನ್ನ ತಮ್ಮ ಸೂಟಿಗೆ ಬಂದಾಗ ಕೊಟ್ಟಿದ್ದ ಹ್ಯಾಂಡಿಕ್ಯಾಮಿನಲ್ಲಿ ಮೂರು ಕ್ಯಾಸೆಟ್ಟು, ಅಂದರೆ ಮೂರು ತಾಸು, ಊರನ್ನು ಹಿಡಿದು ತಂದಿದ್ದೆ. ದಿಬ್ಬದ ಮೇಲಿನ ಹೊಸ ಊರಿನಲ್ಲಿ ಎಲ್ಲರೂ ಒಂದಿಷ್ಟು ನೆಲೆನಿಂತ ಮೇಲೆ ನಮ್ಮ ಮಾವ ಸಿದ್ರಾಮಪ್ಪನವರು ಕೇಳಿದರು. "ಅಳಿಯಾರ, ಆ ಕ್ಯಾಸೆಟ್ಟ ಒಮ್ಮಿ ಎಲ್ಲಾರಿಗೂ ತೋರಸ್ರೆಲಾ."

ಆಗಲೇ ತೋರಿಸಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನಾನು, "ಹಂಗ ತೋರಸಾಕ ಬರೂದಿಲ್ರಿ ಮಾವಾರ. ಎಡಿಟಿಂಗ್ ಮಾಡಬೇಕು" ಎಂದೆ.

"ಅಂದ್ರ?"

"ಬ್ಯಾಡಾದ್ದು ತಗದು ಬೇಕಾದ್ದಷ್ಟ ಇಡೂದ್ರಿ."

"ಓ, ಜ್ವಾಳ ಹಸನ ಮಾಡಿದಂಗ" ಎಂದು ಮಾವ ಸಮಾಧಾನಪಟ್ಟುಕೊಂಡರು. ಕುರಿ ಸಾಕಿ, ಹೊಲ ಮಾಡಿ, ಬೀರಪ್ಪನ ಪೂಜೆ ತಪ್ಪಿಸದೆ ಬಾಳಿದ ಮನುಷ್ಯ. ಮಾಸ್ತರನಾದ ಅಳಿಯನ ಮಾತಿನ ಮೇಲೆ ಬಲು ವಿಶ್ವಾಸ.

ಎಡಿಟಿಂಗಿಗೆ ಕಂಪ್ಯೂಟರ್ ಬೇಕು. ಸಿದ್ಧ ಕಂಪ್ಯೂಟರು ಈ ಕೆಲಸಕ್ಕೆ ಸಾಲದು, ಬಿಡಿ ಭಾಗ ತಂದು ನಾವೇ ಜೋಡಿಸಬೇಕು ಎಂದು ಒಂದು ಪತ್ರಿಕೆಯಲ್ಲಿ ಓದಿದ್ದೆ. ಬಿಡಿ ಭಾಗಗಳಿಗಾಗಿ ಕೊಲ್ಲಾಪುರಕ್ಕೆ ಹೋದೆ. ಬರುವಾಗ ಬಸ್ಸಿನಲ್ಲಿ ಮದರ್‌ಬೋರ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ತನ್ನ ಕೂಸನ್ನು ಅಷ್ಟು ಜೋಪಾನ ಮಾಡುತ್ತಿರಲಿಲ್ಲ. ಕೊನೆಗೆ ಅವಳು ಕೇಳಿಯೇಬಿಟ್ಟಳು. "ಒಳಗ ದೇವರ ಮೂರ್ತಿ ಐತೇನ್ರಿ ಅಣ್ಣಾರ?" ಕಂಪ್ಯೂಟರಿನ ಭಾಗ ಎಂದು ಹೇಳಲು ನಾಚಿಕೆಯಾಗಿ ಹೌದೆಂದೆ. ಅವಳು ಡಬ್ಬಿ ಮುಟ್ಟಿ ನಮಸ್ಕಾರ ಮಾಡಿಕೊಂಡಳು.

ಜೋಡಿಸಲು ನನಗೆ ಜೊತೆಯಾದವನು ಗೆಳೆಯ ದಸ್ತಗೀರ. ನಮ್ಮ ಓಣಿಯ ಮಗ್ಗಗಳ ಮೋಟರು, ಟೀವಿ, ಮಿಕ್ಸರು ಎಲ್ಲಕ್ಕೂ ಅವನೇ ವೈದ್ಯ. ಕಂಪ್ಯೂಟರಿನ ಒಳಗನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆದ್ದರಿಂದ ವಾದಕ್ಕೆ ಅವಕಾಶವಿರಲಿಲ್ಲ. ನಾನು ಇಂಗ್ಲಿಷ್ ಪುಸ್ತಿಕೆ ಓದಿ ಹೇಳುವುದು, ಅವನು ಸ್ಕ್ರೂ ತಿರುಗಿಸುವುದು. ಒಂದು ರವಿವಾರ ಪೂರ್ತಿ ಹಿಡಿಯಿತು. ಕಡೆಗೆ ಅವನು ಅಂಗೈ ಚಾಚಿ, "ಮಾಸ್ತರ, ಮೂರು ಸ್ಕ್ರೂ ಉಳದಾವ್ರಿ" ಎಂದ.

"ಕಂಪನಿಯವರು ಜಾಸ್ತಿ ಕೊಟ್ಟಿರ್ತಾರ ಬಿಡೋ."

"ಕೊಟ್ಟಿರಬಹುದ್ರಿ. ಆದ್ರ ಇದರಾಗ ಒಂದು ನಿಮ್ಮ ಕನ್ನಡಕದ್ದೈತಿ."

ಕರೆಂಟು ಕೊಟ್ಟರೆ ಪರದೆ ಕಪ್ಪು. ಒಳಗಿಂದ ಮೂರು ಸಲ ಕೀಂ ಎಂದಿತು. ಪುಸ್ತಿಕೆಯಲ್ಲಿ ಆ ಕೀಂಕೀಂಗೆ ಅರ್ಥ ಹುಡುಕುತ್ತ ನಾನು ಕೂತಿರುವಾಗ ದಸ್ತಗೀರ ಕೈ ಹಾಕಿ, ಮೆಮೊರಿಯ ಪಟ್ಟಿಯನ್ನು ಹೆಬ್ಬೆರಳಿನಿಂದ ಟಕ್ ಎನ್ನುವಂತೆ ಒತ್ತಿದ. ಪರದೆ ಬೆಳಗಿತು. ಮಹಾದೇವಿ ಅರಿಷಿಣ ಕುಂಕುಮ ತಂದಳು. ಅದನ್ನು ಎಲ್ಲಿ ಹಚ್ಚಬಾರದು ಎಂದು ನಾನು ಹೇಳುವಷ್ಟರಲ್ಲಿ ಗಾಳಿ ಹೋಗುವ ತೂತುಗಳಿಗೇ ಹಚ್ಚಿದಳು.

ಬನಹಟ್ಟಿಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದೆಂದರೆ ಓಣಿಯ ಮಗ್ಗಗಳ ಜೊತೆ ಸಂಸಾರ ಮಾಡಿದಂತೆ. ಕರೆಂಟು ಹೋಗಿ ಬಂದೊಡನೆ ಎಲ್ಲ ಮಗ್ಗಗಳೂ ಒಟ್ಟಿಗೆ ಖಟಪಟ ಶುರುಮಾಡುತ್ತಿದ್ದವು. ವೋಲ್ಟೇಜು ಕುಸಿದು, ಯುಪಿಎಸ್ ಚೀರಿ, ನನ್ನ ಕಂಪ್ಯೂಟರು ಮೊದಲಿನಿಂದ ಕಣ್ಣು ಬಿಡುತ್ತಿತ್ತು. ಇನ್ನು ಹಾರ್ಡ್ ಡಿಸ್ಕು. ಅಂಗಡಿಯವನು ಇಡೀ ಜನ್ಮಕ್ಕೆ ಸಾಕು ಎಂದಿದ್ದ. ಒಂದು ತಾಸಿನ ಕ್ಯಾಸೆಟ್ಟು ಒಳಗೆಳೆದರೆ ಮೂರರಲ್ಲಿ ಒಂದು ಪಾಲು ತುಂಬುತ್ತಿತ್ತು. ಆದ್ದರಿಂದ ಒಂದೊಂದೇ ಕ್ಯಾಸೆಟ್ಟು ತುಂಬುವುದು, ಕತ್ತರಿಸುವುದು, ಉಳಿದದ್ದನ್ನು ಅಳಿಸುವುದು. ಕತ್ತರಿಸುವುದರಲ್ಲಿ ನನಗಿದ್ದ ಸುಖವನ್ನು ಏನು ಹೇಳಲಿ! ಕೈ ನಡುಗಿದ್ದು ಕಟ್. ಯಾರೋ ಅಡ್ಡ ಬಂದದ್ದು ಕಟ್. ಬಿಂದಿಗೆ ತುಂಬುವ ತನಕ ಹೆಂಗಸರು ಸುಮ್ಮನೆ ನಿಂತದ್ದು ಕಟ್. ಮಾವನವರ ಮನೆಯ ಗೋಡೆ ಒಂದೇ ನಾಲ್ಕು ನಿಮಿಷವಿತ್ತು. ಅದನ್ನು ಅಳಿಸಹೊರಟಾಗ ಹಿಂದೆ ನಿಂತಿದ್ದ ಮಹಾದೇವಿ ಅಂದಳು. "ಆ ಗ್ವಾಡಿ ಇರಲಿ ಬಿಡ್ರಿ."

"ಗ್ವಾಡಿ ಏನ ಓಡತೈತೇನ? ನೋಡವರಿಗೆ ಬ್ಯಾಸರ ಆಕ್ಕೈತಿ."

ಅವಳು ಮತ್ತೇನೂ ಹೇಳಲಿಲ್ಲ. ಒಪ್ಪಿದಳೆಂದು ತಿಳಿದೆ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳ ಸುಮ್ಮನಿರುವಿಕೆಗೆ ಎಷ್ಟು ಅರ್ಥಗಳಿವೆ ಎಂಬ ಲೆಕ್ಕ ಈ ಗಣಿತದ ಮಾಸ್ತರನಿಗೆ ಹತ್ತಿರಲಿಲ್ಲ.

ಕತ್ತರಿಸಿದ ತುಂಡುಗಳ ನಡುವೆ ನಕ್ಷತ್ರ ಸಿಡಿಸಿದೆ, ಹೂ ಉದುರಿಸಿದೆ, ಒಂದು ದೃಶ್ಯ ಪುಟ ಮಗುಚಿದಂತೆ ಹೋಗಿ ಇನ್ನೊಂದು ಬರುವಂತೆ ಮಾಡಿದೆ. ಹಿಂದೆ ಸಿತಾರಿನ ಸಂಗೀತ. ಕೊನೆಗೆ ಎಲ್ಲವನ್ನೂ ಒಂದು ಮಾಡಲು ಗುಂಡಿ ಒತ್ತಿದರೆ 'ಉಳಿದ ಸಮಯ ಒಂಬತ್ತು ತಾಸು' ಎಂದಿತು; ಒಂದು ತಾಸು ಬಿಟ್ಟು ನೋಡಿದರೆ ಹನ್ನೊಂದು. ಅಡುಗೆಮನೆಯಿಂದ ಮಹಾದೇವಿ, "ನಿಮ್ಮ ಕುಕ್ಕರ್ ಇನ್ನೂ ಸೀಟಿ ಹೊಡೀವಲ್ದೇನ್ರಿ?" ಎಂದು ಆಗಾಗ ವಿಚಾರಿಸುತ್ತಿದ್ದಳು. ನಾಲ್ಕನೆಯ ಪ್ರಯತ್ನಕ್ಕೆ, ಮಗ್ಗಗಳ ವಾರದ ಸೂಟಿಯ ದಿನ, ಸೀಟಿ ಹೊಡೆಯಿತು. ಮೂರು ತಾಸಿನ ಊರು ಇಪ್ಪತ್ತೆರಡು ನಿಮಿಷದ ಸೀಡಿಯಾಗಿತ್ತು. ಕೆಲಸ ಮುಗಿಯಿತೆಂದು ಹಾರ್ಡ್ ಡಿಸ್ಕು ಖಾಲಿ ಮಾಡಿದೆ. ಮುಂದಿನ ವಾರವೇ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗು ಬಂತು. ಆ ಮೂರು ಕ್ಯಾಸೆಟ್ಟುಗಳನ್ನೇ ಕೊಡು, ಮಕ್ಕಳ ಕೋಲಾಟ ಅದರ ಮೇಲೆಯೇ ತುಂಬಿಕೊಳ್ಳುತ್ತೇನೆ ಎಂದು ಮಹಾದೇವಿಯನ್ನು ಕೇಳಿದೆ. ಅವಳು ತಂದುಕೊಟ್ಟಳು. ತುಂಬಿಕೊಂಡೆ.

ಗ್ಯಾದರಿಂಗು ಮುಗಿದ ರವಿವಾರ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿಗೆ, ಅಲ್ಲಿಂದ ಆಟೋದಲ್ಲಿ ಹೊಸ ಊರಿಗೆ ಹೋದೆವು. ಮಂದಿ ಹೊಗಳುವಾಗ ಅದನ್ನೂ ಚಿತ್ರೀಕರಿಸಿಕೊಳ್ಳೋಣವೆಂದು ಕ್ಯಾಮರಾ ಒಯ್ದಿದ್ದೆ. ಮಾವನ ಮನೆಯ ಪಡಸಾಲೆ ತುಂಬಿ ಮಂದಿ ಕಟ್ಟೆಗೂ ಚೆಲ್ಲಿದ್ದರು. ಅಲ್ಲಿನ ಟೀವಿಗೆ ಪ್ಲೇಯರ್ ಜೋಡಿಸಿ ಸೀಡಿ ಹಚ್ಚಿದೆ. ಸಿತಾರು ನುಡಿಯಿತು. ಬೀರಪ್ಪನ ಹಳೆಯ ಗುಡಿ ಕಂಡೊಡನೆ ಎಲ್ಲರೂ ಕೈಮುಗಿದರು. ಮುಗಿದ ಕೈ ಇಳಿಸುವುದರೊಳಗೆ ಗುಡಿ ಬುಗುರಿಯಂತೆ ಗಿರಗಿರ ತಿರುಗಿ ಮೂಲೆಗೆ ಹೋಗಿ ಮಾಯವಾಯಿತು. ಎದುರುಮನೆಯ ಮುದುಕಿ ಗಂಗವ್ವ ಗಾಬರಿಯಿಂದ, "ಅಯ್ಯ, ದೇವರಿಗೆ ಚಕ್ಕರ ಬಂತೇನ ಯವ್ವಾ!" ಎಂದಳು. ಯಾರೂ ನಗಲಿಲ್ಲ. ಇಪ್ಪತ್ತೆರಡು ನಿಮಿಷ ಕಳೆಯಿತು. ಮಂದಿ ಪರದೆಯನ್ನೇ ನೋಡುತ್ತ ಕೂತರು, ಇನ್ನೂ ಇದೆ ಎಂಬಂತೆ.

"ಆತ್ರಿ" ಎಂದೆ.

"ನನ್ನ ಮನಿ ಬರಲೇ ಇಲ್ಲಲ್ಲೋ ತಮ್ಮಾ" ಎಂದಳು ಗಂಗವ್ವ. "ಅವತ್ತ ನೀ ಬಂದಾಗ ಬಾಗಲಾ ತೊಳದು ರಂಗೋಲಿ ಹಾಕಿ ನಿಂತಿದ್ನಿ."

ಮಾವ ಮೆಲ್ಲಗೆ ಕೇಳಿದರು. "ನಮ್ಮ ಓಣಿ ಎಲ್ಲಿ ಹೋತ್ರಿ, ಅಳಿಯಾರ?"

"ಅದು... ಕಟ್ ಮಾಡೇನ್ರಿ."

ಮಾವ ಸಿಟ್ಟಾಗಲಿಲ್ಲ, ಆಗಿದ್ದರೆ ಛಲೋ ಇತ್ತು. "ಅರ್ಧಾ ಊರು ನೀರಾಗ ಹೋತು. ಉಳದರ್ಧಾ ನಿಮ್ಮ ಕತ್ತರ್ಯಾಗ ಹೋತು" ಎಂದು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ಹಾರ್ಡ್ ಡಿಸ್ಕಿನಲ್ಲಿ ಏನೂ ಇಲ್ಲ. ಕ್ಯಾಸೆಟ್ಟುಗಳ ಮೇಲೆ ಕೋಲಾಟ. ಹಿನ್ನೀರಿನ ಕೆಳಗಿರುವ ಊರಿಗೆ ಮತ್ತೆ ಹೋಗಿ ಚಿತ್ರ ತೆಗೆಯುವಂತಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಮಹಾದೇವಿ ಚಹಾ ಸೋಸುತ್ತಿದ್ದಳು. "ತಪ್ಪಾತು. ಎಲ್ಲಾ ಅಳಿಸಿಬಿಟ್ಟೇನಿ. ಮಾವಾರಿಗೆ ಹೆಂಗ ಹೇಳಲಿ?" ಎಂದೆ.

ಅವಳು ಕೈ ಒರೆಸಿಕೊಂಡು, ತನ್ನ ಚೀಲದ ತಳಕ್ಕೆ ಕೈಹಾಕಿ ಕುಪ್ಪಸದ ಖಣದಲ್ಲಿ ಸುತ್ತಿದ ಗಂಟು ತೆಗೆದಳು. ಒಳಗೆ ಮೂರು ಕ್ಯಾಸೆಟ್ಟು.

"ಗ್ಯಾದರಿಂಗಿಗೆ ನಿಮಗ ಕೊಟ್ಟಿದ್ದು ಹೊಸಾವು. ಪ್ಯಾಟ್ಯಾಗ ತಂದು, ಇವುರ ಚೀಟಿ ಕಿತ್ತು ಅವಕ್ಕ ಹಚ್ಚಿದ್ನಿ. ನನ್ನೂರನ್ನ ನಿಮ್ಮ ಕೈಯಾಗ ಬಿಡ್ತೀನೇನ್ರಿ?"

ಆಗ ಅವಳ ಕಾಲಿಗೆ ಬೀಳಬೇಕೆನಿಸಿತು. ಹೊರಗೆ ಅವಳ ತವರಿನವರೆಲ್ಲ ಇದ್ದರೆಂದು ಬೀಳಲಿಲ್ಲ.

ಕ್ಯಾಮರಾಕ್ಕೂ ಟೀವಿಗೂ ನಡುವೆ ಮೂರು ಬಣ್ಣದ ಒಂದು ವೈರು ಸಿಕ್ಕಿಸಿ ಕ್ಯಾಸೆಟ್ಟು ಹಚ್ಚಿದೆ. ಅಷ್ಟೇ, ಬೇರೇನೂ ಬೇಕಾಗಲಿಲ್ಲ. ಗಂಗವ್ವನ ರಂಗೋಲಿ ಬಂತು. ಬಿಂದಿಗೆ ತುಂಬುವ ತನಕ ಹೆಂಗಸರು ನಿಂತರು, ನೋಡುವವರೂ ಅಷ್ಟೇ ತಾಳ್ಮೆಯಿಂದ ತುಂಬಿಸಿದರು. ಮಾವನ ಮನೆಯ ಗೋಡೆ ನಾಲ್ಕೂ ನಿಮಿಷ ಇದ್ದಲ್ಲೇ ಇತ್ತು. ಅದರ ಮೇಲೆ ಮಕ್ಕಳ ಎತ್ತರ ಅಳೆದು ಹಾಕಿದ ಇದ್ದಿಲ ಗೆರೆಗಳನ್ನು ನಾನು ಕಂಡದ್ದು ಆಗಲೇ. ಮಹಾದೇವಿಯದು ಎಲ್ಲಕ್ಕೂ ಕೆಳಗೆ. ಕ್ಯಾಮರಾ ಬಂದ್ ಮಾಡಲು ಮರೆತು ನಡೆದಿದ್ದಾಗಿನ, ಬರೀ ನನ್ನ ಚಪ್ಪಲಿ, ಕಲ್ಲು, ಧೂಳು ಇರುವ ಐದು ನಿಮಿಷದ ಭಾಗ ಬಂದಾಗ ನಾನು ಮುಂದೆ ಓಡಿಸಲು ಕೈಚಾಚಿದೆ. "ತಡೀರಿ! ಅದು ಕೆರಿ ಹಾದಿ. ಆ ಚಪ್ಪಡಿ ನೋಡ್ರಿ, ನಾ ಎಡವಿ ಉಗುರು ಕಿತ್ತುಕೊಂಡಿದ್ನೆಲ್ಲಾ!" ಎಂದು ಮಾವ ಎದ್ದು ನಿಂತರು. ಹಿಂದಿನಿಂದ ಇನ್ನಾರೋ ತಾವೂ ಅಲ್ಲೇ ಎಡವಿದ್ದೆಂದರು. ಮಂದಿ ನಕ್ಕರು, ಕಣ್ಣೊರೆಸಿಕೊಂಡರು, ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದರು.

ಆದರೆ ಆ ಮೂರೂ ತಾಸು ಊರಿನ ಹಿಂದೆ ಒಂದು ದನಿ ಮಾತಾಡುತ್ತಲೇ ಇತ್ತು. "ಪ್ರಿಯ ವೀಕ್ಷಕರೇ, ಈಗ ನಾವು ವೀಕ್ಷಿಸುತ್ತಿರುವುದು ಈ ಗ್ರಾಮದ ಪುರಾತನ ಬಾವಿ" ಎಂದು, ಯಾವ ಊರಿನದೂ ಅಲ್ಲದ ಕನ್ನಡದಲ್ಲಿ, ಬಾವಿಯ ಪಕ್ಕದ ಹೆಂಗಸರ ಹರಟೆ ಕೇಳಿಸದಂತೆ. ಮೊದಲ ಕ್ಯಾಸೆಟ್ಟು ಅರ್ಧವಾಗುವ ತನಕ ಎಲ್ಲರೂ ಸಹಿಸಿದರು. ಆಮೇಲೆ ಗಂಗವ್ವ, "ಸಿದ್ರಾಮಪ್ಪ, ಆ ಪುಣ್ಯಾತ್ಮ ಯಾರೋ? ಒಂದೀಟ ಬಾಯಿ ಮುಚ್ಚಸೋ" ಎಂದಳು. ಪುಣ್ಯಾತ್ಮ ಪಕ್ಕದಲ್ಲೇ ಚಹಾದ ಕಪ್ಪು ಹಿಡಿದು ಕೂತಿದ್ದ. ಮಾವ ನನ್ನತ್ತ ಸಂಕೋಚದಿಂದ ಒಮ್ಮೆ ನೋಡಿ, ರಿಮೋಟು ಕೈಗೆ ತೆಗೆದುಕೊಂಡರು. ಅಲ್ಲಿಂದ ಮುಂದೆ ನಾನು ಬಾಯಿ ತೆರೆದಾಗಲೆಲ್ಲ ದನಿ ಸಣ್ಣದು ಮಾಡಿ, ನಾನು ನಿಂತೊಡನೆ ದೊಡ್ಡದು ಮಾಡುತ್ತಿದ್ದರು. ಎಷ್ಟು ನಾಜೂಕಿನ ಕೆಲಸ! ಒಂದು ಕೋಳಿಯ ಕೂಗೂ ಹಾಳಾಗಲಿಲ್ಲ. ಎಡಿಟಿಂಗ್ ಅಂದರೇನೆಂದು ನನಗೆ ತಿಳಿದದ್ದು ಅವತ್ತೇ.