ಬಂಬ ಇರಲೋ, ಗೀಸರ್ ಬರಲೋ

ನಾನು ಹುಟ್ಟಿದ್ದು ಮೈಸೂರಿನ ಕಡೆ. ಇಂಡಿಗೆ ಸೊಸೆಯಾಗಿ ಬಂದವಳು ಇಲ್ಲೇ ಮುದುಕಿಯಾದೆ. ಬಚ್ಚಲಿನಲ್ಲಿ ಹಳೆಯ ಬಂಬ ಇರುವ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬಂಬ ಅಂದರೆ ಸ್ನಾನದ ನೀರು ಕಾಯಿಸುವ ತಾಮ್ರದ ಎತ್ತರದ ಪಾತ್ರೆ. ನಡುವೆ ಬೆಂಕಿ ಹಾಕುವ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ. ದಿನಾ ನಸುಕಿನಲ್ಲೆದ್ದು ಅದಕ್ಕೆ ತೊಗರಿ ಕಟ್ಟಿಗೆ ತುರುಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುವುದು ಹೊಸ ಸೊಸೆಯ ಕೆಲಸ, ಅಂದರೆ ನನ್ನದು. ಹಾಗಾಗಿ ಅದು ಸೋರಲು ಶುರುವಾದಾಗ ಮನೆಯಲ್ಲಿ ಬೇಸರವಾಗದವಳು ನಾನೊಬ್ಬಳೇ. ಇದನ್ನು ಹೊರಡಿಸಿ ಗೀಸರ್ ತರಿಸುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ. ಗೆಲ್ಲುವುದು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅತ್ತೆಗೂ ತಮ್ಮ ಗೆಲುವಿನ ಬಗ್ಗೆ ಇರಲಿಲ್ಲ.

ಬಸ್ಸಿನಲ್ಲಿ

ಬೆಸುಗೆ ಹಾಕಿಸಿದರೆ ಸಾಕು ಎಂದರು ಅತ್ತೆ. ಬಂಬವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅತ್ತೆ, ನನ್ನ ಗಂಡ, ನಾನು ಸಿಂದಗಿ ಬಸ್ಸು ಹತ್ತಿದೆವು. ಕಂಡಕ್ಟರ್ ಮೈಸೂರಿನ ಕಡೆಯವನು, ಹೊಸದಾಗಿ ವರ್ಗವಾಗಿ ಬಂದಿದ್ದ. ಆಗಷ್ಟೇ ಯುದ್ಧ ಮುಗಿದ ಕಾಲ. ಚೀಲದಲ್ಲಿ ಏನಿದೆ ಎಂದು ನನ್ನ ಗಂಡನನ್ನು ಕೇಳಿದ.

“ಬಂಬ್ ಐತ್ರಿ. ಸೋರಾಕತ್ತೈತಿ, ಅದಕ್ಕ ಒಯ್ಯಾಕತ್ತೇವಿ.”

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ಎಲ್ಲರಿಗಿಂತ ಮೊದಲು ತಾನೇ ಕೆಳಗೆ ಹಾರಿದ. ಪ್ರಯಾಣಿಕರು ಒಬ್ಬರೂ ಅಲುಗಾಡಲಿಲ್ಲ. ಈ ಊರಿನವನೇ ಆದ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಏನಾಯಿತೆಂದು ವಿಚಾರಿಸಿದ. ಬಸ್ಸಿನಲ್ಲಿ ಬಾಂಬ್ ಇದೆ ಎಂದು ಕಂಡಕ್ಟರ್ ರಸ್ತೆಯಾಚೆಯಿಂದ ಕೂಗಿದ.

“ಇರ್ಲಿ ಹತ್ತೋ ಮಾರಾಯಾ,” ಎಂದ ಡ್ರೈವರ್. “ನಮ್ಮ ಮನ್ಯಾಗ ಎರಡದಾವ.”

ಅಂಗಡಿಯಲ್ಲಿ

ಸಿಂದಗಿಯ ತಾಮ್ರದ ಕೆಲಸದವನು ಬೆಸುಗೆ ಹಾಕಿಕೊಟ್ಟ. ಆದರೆ ತಳ ಸವೆದಿದೆ, ಎಷ್ಟು ದಿನ ಬಾಳುತ್ತದೋ ಹೇಳಲಾರೆ ಎಂದ. ನನಗೆ ಅಷ್ಟೇ ಸಾಕಾಗಿತ್ತು. ತಾಯಿ ಮಗ ಇಬ್ಬರನ್ನೂ ಎದುರಿನ ಕರೆಂಟು ಸಾಮಾನಿನ ಅಂಗಡಿಗೆ ಹತ್ತಿಸಿದೆ. ಅಂಗಡಿಯವನು ಗೀಸರ್ ತೋರಿಸಿ, ಹೊಗೆಯಿಲ್ಲ, ಕಟ್ಟಿಗೆ ಬೇಡ, ಗುಂಡಿ ಒತ್ತಿದರೆ ಮುಗಿಯಿತು ಎಂದು ವರ್ಣಿಸಿದ. ಅತ್ತೆ ಅದರ ಸುತ್ತ ಕೈಯಾಡಿಸಿ, ಬಗ್ಗಿ ತಳ ನೋಡಿದರು.

“ಬೂದಿ ಎಲ್ಲಿಂದ ಬೀಳತೈತಪಾ?”

ಪಾತ್ರೆ ತಿಕ್ಕಲು, ಹಲ್ಲು ಉಜ್ಜಲು ನಮ್ಮ ಮನೆಗೆ ಬಂಬದ ಬೂದಿಯೇ ಆಗಬೇಕು. ಇದರಲ್ಲಿ ಬೂದಿಯೇ ಬೀಳುವುದಿಲ್ಲ ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ. ಅತ್ತೆ ಮಗನ ತೋಳು ಹಿಡಿದು ಮೆಟ್ಟಿಲು ಇಳಿದರು.

“ನಡಿಯೋ. ಇದರಾಗ ಉರಿನ ಸರಿ ಹತ್ತೂದಿಲ್ಲ.”

ಬಾಗೇವಾಡಿಯ ಜಳಕ

ನಾದಿನಿಯನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದರು. ಅವರ ಮನೆಗೆ ಗೀಸರ್ ಬಂದಿತ್ತು. ಅಲ್ಲಿ ಒಂದು ಸಲ ಸ್ನಾನ ಮಾಡಿ ನೋಡಿ, ಆಮೇಲೆ ನೀವು ಹೇಳಿದಂತೆಯೇ ಆಗಲಿ ಎಂದು ಅತ್ತೆಯನ್ನು ನಾನೇ ಹೊರಡಿಸಿದೆ. ಅತ್ತೆ ಬಚ್ಚಲಿಗೆ ಹೋದರು, ತಲೆಗೆ ಸೀಗೆಪುಡಿ ಹಚ್ಚಿಕೊಂಡರು. ನೀರು ಕಾಯುವ ಮೊದಲೇ ಕರೆಂಟ್ ಹೋಯಿತು. ನಲ್ಲಿಯಿಂದ ತಲೆಯ ಮೇಲೆ ಬಿದ್ದದ್ದು ತಣ್ಣೀರು. ಒಳಗಿನಿಂದ ಬಂದ ಅಪ್ಪಣೆ ಓಣಿಗೆಲ್ಲ ಕೇಳಿಸಿತು.

“ಉರಿ ಆರೈತಿ, ಯಾರರ ಬಂದು ಊದ್ರಿ!”

ನಾದಿನಿಯ ಗಂಡ ಮೊದಲೇ ಅತ್ತೆಗೆ ಬಹಳ ಅಂಜುವವರು. ಹಿಂದೆಮುಂದೆ ನೋಡದೆ ಓಡಿ ಹೋಗಿ ಬಚ್ಚಲಿನ ಹೊರಗಿದ್ದ ಸ್ವಿಚ್ಚಿಗೆ ಊದಿದರು.

ತೀರ್ಪು

ಮನೆಗೆ ಬಂದು ಅತ್ತೆ ಬಂಬವೇ ಇರಲಿ ಎಂದು ತೀರ್ಪು ಕೊಟ್ಟರು. ಧಾರಾಳವಾಗಿ ಇರಲಿ, ನಾಳೆಯಿಂದ ಅದರ ನೀರು ಬೇಕಾದವರೇ ಅದನ್ನು ಊದಲಿ ಎಂದು ನಾನೂ ನನ್ನ ತೀರ್ಪು ಕೊಟ್ಟೆ. ನಾನು ತಣ್ಣೀರು ಹಾಕಿಕೊಂಡೆ. ನನ್ನ ಗಂಡ ಕೆಲವು ದಿನ ತಾವೇ ಊದಿದರು. ಆಮೇಲೆ ಕೆಮ್ಮುತ್ತಲೇ ಹೋಗಿ ಗೀಸರ್ ತಂದರು. ಅತ್ತೆ ಅದನ್ನು ಮುಟ್ಟುವುದಿಲ್ಲ ಎಂದರು. ತಮ್ಮ ಬಂಬಕ್ಕೆ ತಾವೇ ಬೆಂಕಿ ಹಾಕಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಜಳಕ ಮಾಡತೊಡಗಿದರು.

ಚಳಿ ಬಿತ್ತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಹೊಗೆಯೇ ಬರಲಿಲ್ಲ. ಇಣುಕಿ ನೋಡಿದೆ. ಅತ್ತೆ ಗೀಸರಿನ ನಲ್ಲಿಗೆ ತಂಬಿಗೆ ಹಿಡಿದು, ಬಿಸಿನೀರನ್ನು ತಂದು ತಂದು ಬಂಬದೊಳಗೆ ಸುರಿಯುತ್ತಿದ್ದರು. ಅದು ತುಂಬಿದ ಮೇಲೆ ಮಣೆ ಹಾಕಿಕೊಂಡು ಕೂತು, ಬಂಬದ ನಲ್ಲಿ ತಿರುಗಿಸಿ ನೆಮ್ಮದಿಯಾಗಿ ಜಳಕ ಮಾಡಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಬಂದೆ.

ಅವತ್ತು ಮಧ್ಯಾಹ್ನ ನೆರೆಮನೆಯಾಕೆ ಬಂದವಳು ಬಚ್ಚಲಿಗೆ ಇಣುಕಿ, ಹೊಸ ಗೀಸರ್ ಇರುವಾಗ ಈ ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದೀರಿ, ಮಾರಿಬಿಡಬಾರದೇ ಎಂದು ಕೇಳಿದಳು. ಅತ್ತೆ ಬಂಬದ ಹೆಗಲ ಮೇಲೆ ಕೈಯಿಟ್ಟರು.

“ಹುಚ್ಚಿ ಅದಿ ಏನ? ಹಳೇದಾದಂಗ ಶಾಣ್ಯಾ ಆಗೈತಿದು. ಈಗ ಬೆಂಕಿ ಇಲ್ದನ ನೀರು ಕಾಸತೈತಿ.”