ಸರಿಯಾಗಿ ಬೀಳದ ಮುದುಕ

ಮಧ್ಯಾಹ್ನ ಊಟದ ಹೊತ್ತಿಗೆ ಪ್ರಿಂಟಿಂಗ್ ಪ್ರೆಸ್ಸಿನ ಮಷಿನ್‌ಮ್ಯಾನ್ ತನ್ನ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಆ ಟ್ರೈಲರ್ ಹಾಕದೇ ಇದ್ದಿದ್ದರೆ ಪಂಡಿತರ ದಿನ ಸುಖವಾಗಿಯೇ ಕಳೆಯುತ್ತಿತ್ತು.

ಪಂಡಿತರು ಅಂದರೆ ಆ ಪ್ರೆಸ್ಸಿನ ಪ್ರೂಫ್ ರೀಡರ್. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವರು.

ಮೊಬೈಲಿನಲ್ಲಿ ಆಕಾಶ ಬಿರಿಯಿತು. ಕಬ್ಬಿಣದ ಮನುಷ್ಯರು ಸಾಲಾಗಿ ಇಳಿದರು. ಕಪ್ಪು ಕೋಟಿನ ಹೀರೋ ಬೈಕಿನ ಸಮೇತ ಹಾರಿದ. ನಡುವೆ ಒಬ್ಬ ಗಡ್ಡದ ಮುದುಕ "ಓಡು ಮಗೂ, ಭೂಮಿ ನಿನ್ನ ಕೈಲಿದೆ!" ಎಂದು ಕೂಗಿ ಧೂಳಿನಲ್ಲಿ ಬಿದ್ದ.

"ಥೂ! ಒಂದಾದರೂ ಸ್ವಂತದ್ದಿದೆಯೇನ್ರೀ?" ಪಂಡಿತರು ಶುರುಮಾಡಿದರು. "ಕೋಟು ಒಂದು ಸಿನಿಮಾದ್ದು, ಬೈಕು ಇನ್ನೊಂದರದ್ದು. ಪೂರ್ತಿ ಕತೆ ಈಗಲೇ ಹೇಳ್ತೀನಿ, ದುಡ್ಡು ಉಳೀತದೆ. ಆ ಮುದುಕನನ್ನಂತೂ ಎಲ್ಲಿಂದ ಹಿಡ್ಕೊಂಡು ಬಂದರೋ! ಸಾಯೋಕೂ ಬರಲ್ಲ. ಬಚ್ಚಲಲ್ಲಿ ಸೋಪು ತುಳಿದವನ ಹಾಗೆ ಬೀಳ್ತಾನೆ."

ಎಲ್ಲರೂ ನಕ್ಕರು, ಬೈಂಡರಣ್ಣನೊಬ್ಬನನ್ನು ಬಿಟ್ಟು. ಅರವತ್ತರ ಹತ್ತಿರದ, ಬೆರಳ ತುದಿಯಲ್ಲಿ ಸದಾ ಅಂಟು ಒಣಗಿರುವ ಮನುಷ್ಯ. ಊಟದ ಡಬ್ಬಿ ಮುಚ್ಚಿ, "ಅದರಲ್ಲಿ ನಾನೂ ಇದ್ದೀನಿ ಸಾರ್" ಎಂದು ಕೈ ತೊಳೆಯಲು ಎದ್ದುಹೋದ.

ಪಂಡಿತರ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಟ್ರೈಲರಿನಲ್ಲಿ ವಯಸ್ಸಾದ ಮುಖ ಅಂತ ಇದ್ದದ್ದು ಅದೊಂದೇ.

"ಹೋದ ವರ್ಷ ಮೂರು ದಿನ ರಜೆ ಹಾಕಿದ್ರಲ್ಲ, ಇದಕ್ಕೇ ಇರಬೇಕು" ಎಂದಳು ಡಿಟಿಪಿ ಮಾಡುವ ಅಕ್ಕ. "ಗಡ್ಡದಲ್ಲಿ ಗುರುತೇ ಸಿಗಲಿಲ್ಲ. ನಿಮಗೆ ಬೇಕಿತ್ತಾ ಸಾರ್ ಇದು?"

"ನೀನೂ ನಕ್ಕೆಯಲ್ಲಮ್ಮ!"

"ನಾನು ನಕ್ಕೆ, ಅಷ್ಟೇ. ಹೇಳಿದವರು ನೀವು."

"ಹೋಗಿ ಕ್ಷಮೆ ಕೇಳಿಬಿಡಿ" ಎಂದ ಮಷಿನ್‌ಮ್ಯಾನ್.

ಪಂಡಿತರು ಹೋದರು. ಕಟಿಂಗ್ ಮಷಿನ್ ಗಡಗಡ ಎನ್ನುತ್ತಿತ್ತು. ಅವರು "ಕ್ಷಮಿಸಿ" ಎಂದದ್ದು ಬೈಂಡರಣ್ಣನಿಗೆ "ಕತ್ತರಿಸಿ" ಎಂದು ಕೇಳಿಸಿತು. ಅಲ್ಲಿದ್ದ ಐನೂರು ಡೈರಿಗಳು ಮತ್ತೊಮ್ಮೆ ಕತ್ತರಿಗೆ ಸಿಕ್ಕಿ ಅರ್ಧ ಇಂಚು ಗಿಡ್ಡವಾದವು. ಮಾಲೀಕರು ಬಂದು ಬೈಂಡರಣ್ಣನನ್ನು ಎಲ್ಲರೆದುರು ಬೈದರು. ಪಂಡಿತರು ತಲೆ ಎತ್ತಲಿಲ್ಲ. ಬೆಳಗ್ಗೆಯಿಂದ ತಿದ್ದುತ್ತಿದ್ದ ಪುಟದಲ್ಲಿ ಒಂದಕ್ಷರವೂ ಕಣ್ಣಿಗೆ ಹತ್ತದೆ, ಸಂಜೆಯಾಗುವುದನ್ನೇ ಕಾದರು.

ಸಂಜೆ ಒಂದು ಕೆಜಿ ಸೇಬು ಹಿಡಿದು ಬೈಂಡರಣ್ಣನ ಮನೆಯ ಬಾಗಿಲು ತಟ್ಟಿದರು. ಒಳಗೆ ಅವನ ಹೆಂಡತಿ ಕುರ್ಚಿ ಎಳೆದುಕೊಟ್ಟಳು. ಕಿಟಕಿಯ ಬಳಿ ಯಾರೋ ಒಬ್ಬರು ಪೇಪರ್ ಅಗಲಿಸಿಕೊಂಡು ಓದುತ್ತಿದ್ದರು.

"ಮಧ್ಯಾಹ್ನ ನನ್ನ ನಾಲಿಗೆ ಜಾರಿತು" ಪಂಡಿತರು ಸೇಬಿನ ಚೀಲ ಮುಂದಿಟ್ಟರು. "ನೀವು ಬಿದ್ದದ್ದು ಚೆನ್ನಾಗೇ ಇತ್ತು. ನಾನೇ ಕೊಬ್ಬಿ ಮಾತಾಡಿದೆ."

ಬೈಂಡರಣ್ಣ ನಕ್ಕುಬಿಟ್ಟ. "ಇದಕ್ಕಾ ಮನೆ ತನಕ ಬಂದದ್ದು? ಆ ಮುದುಕ ನಾನಲ್ಲ ಸಾರ್! ನಾನು ಕಬ್ಬಿಣದವನು. ಬಲಗಡೆಯಿಂದ ಮೂರನೆಯವನು. ಒಳಗೆ ಸೆಕೆ ಅಂದ್ರೆ ಸೆಕೆ!"

ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. "ಅಬ್ಬಾ, ಬದುಕಿದೆ!" ಪಂಡಿತರು ಕುರ್ಚಿಗೆ ಒರಗಿದರು. "ಹಾಗಾದರೆ ನಾನು ಹೇಳಿದ್ದರಲ್ಲಿ ಏನ್ರೀ ತಪ್ಪು? ಆ ಮುದುಕ ಬೀಳೋದು ನೋಡಿದ್ರಾ? ಗೋಣಿಚೀಲ ಎಸೆದರೂ ಅದಕ್ಕಿಂತ ಚೆನ್ನಾಗಿ ಬೀಳ್ತದೆ!"

ಯಾರೂ ನಗಲಿಲ್ಲ. ಹೆಂಡತಿ ಸೇಬಿನ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಕಿಟಕಿಯ ಬಳಿ ಪೇಪರ್ ನಿಧಾನವಾಗಿ ಕೆಳಗಿಳಿಯಿತು.

"ನಮ್ಮ ಭಾವ" ಎಂದ ಬೈಂಡರಣ್ಣ ನೆಲ ನೋಡುತ್ತಾ. "ಸಿನಿಮಾದವರು ನಮ್ಮಿಬ್ಬರನ್ನೂ ಒಟ್ಟಿಗೇ ಕರೆದಿದ್ದರು."

ಭಾವ ಪೇಪರ್ ಮಡಚಿ, ಕನ್ನಡಕ ತೆಗೆದು, ಪಂಡಿತರನ್ನೇ ನೋಡಿದರು.

"ಹದಿನಾಲ್ಕು ಸಲ ಬಿದ್ದೆ ಸಾರ್. ಅದರಲ್ಲಿ ಚೆನ್ನಾಗಿ ಬಿದ್ದದ್ದನ್ನೇ ಹಾಕಿದ್ದಾರೆ."