ಬರ್ನ್‌ಲಿಯವನ ಪಿಟ್ಸ್‌ಬರ್ಗ್ ಮಾತು

ಡೆನ್ನಿಸ್ ಪೆಟ್ರಾಕ್ ಹೇಳಿದ್ದು ಒಂದೇ ಒಂದು ಊರಿನ ಹೆಸರು. ಅದು ಅವನ ಊರಾಗಿರಲಿಲ್ಲ, ಅಷ್ಟೇ.

ಆರು ವಾರದ ಹಿಂದೆ ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ನಟರನ್ನು ಆರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷ ಓಡಿದ 'ಗ್ರಿಮ್‌ಶಾ ಮೀನಂಗಡಿ' ಎಂಬ ಹಾಸ್ಯ ಧಾರಾವಾಹಿಯನ್ನು ಅಮೆರಿಕದವರು ತಮ್ಮ ಜನಕ್ಕಾಗಿ ಹೊಸದಾಗಿ ತೆಗೆಯಲು ಹೊರಟಿದ್ದರು. ಮೀನು ಹೋಗಿ ಬರ್ಗರ್ ಬಂದಿತ್ತು, ಅಂಗಡಿಯ ಯಜಮಾನ ಅಮೆರಿಕದವನಾಗಿದ್ದ, ಅವನ ಹೆಂಡತಿಗೆ ಹಲ್ಲು ನೆಟ್ಟಗಾಗಿದ್ದವು. ಮೂಲದ ಘಮ ಒಂಚೂರಾದರೂ ಉಳಿಯಲಿ ಎಂದು ಒಲೆಯ ಮುಂದೆ ನಿಂತು ಗೊಣಗುವ ಆಲ್ಫ್‌ನನ್ನು ಮಾತ್ರ ಇಂಗ್ಲೆಂಡಿನವನಾಗಿಯೇ ಬಿಟ್ಟಿದ್ದರು.

ಆ ಪಾತ್ರಕ್ಕೆ ಹನ್ನೊಂದು ಜನ ಅಸಲಿ ಇಂಗ್ಲೆಂಡಿನವರು ಬಂದಿದ್ದರು. ನಿರ್ದೇಶಕ ಸ್ಕಿಪ್ ಲ್ಯಾಂಡೌ ಕಣ್ಣಿಗೆ ಒಬ್ಬನೂ ಇಂಗ್ಲೆಂಡಿನವನಂತೆ ಕಾಣಲಿಲ್ಲ. ಹನ್ನೆರಡನೆಯವನು ಡೆನ್ನಿಸ್. ಇಪ್ಪತ್ತೆರಡು ವರ್ಷದ ನಟನೆಯಲ್ಲಿ ಎರಡು ಸಲ ಹೆಣವಾಗಿ, ಒಂದು ಸಲ ಬಸ್ ಡ್ರೈವರನಾಗಿ, ಒಂದು ಸಲ ಟೂತ್‌ಪೇಸ್ಟ್ ಜಾಹೀರಾತಿನ ಹುಳುಕು ಹಲ್ಲಿಗೆ ದನಿಯಾಗಿ ದುಡಿದವನು. ಮೂಲ ಧಾರಾವಾಹಿಯ ಹಳೆಯ ಕ್ಯಾಸೆಟ್ಟುಗಳನ್ನು ಹಾಕಿಕೊಂಡು ಅದರಲ್ಲಿನ ಆಲ್ಫ್ ಆಡಿದ್ದನ್ನೆಲ್ಲ ಗಿಣಿಪಾಠ ಮಾಡಿಕೊಂಡು ಹೋಗಿದ್ದ. ಎರಡು ಮಾತು ಆಡುವಷ್ಟರಲ್ಲಿ ಸ್ಕಿಪ್ ಕುರ್ಚಿಯಿಂದ ಎದ್ದುಬಿಟ್ಟ.

"ಗುರೂ, ಇಂಗ್ಲೆಂಡಲ್ಲಿ ಯಾವೂರು ನಿಂದು?"

"ಬರ್ನ್‌ಲಿ" ಅಂದುಬಿಟ್ಟ ಡೆನ್ನಿಸ್.

ಅವನು ಹುಟ್ಟಿ ಬೆಳೆದದ್ದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ಇಂಗ್ಲೆಂಡಿಗೆ ಅತಿ ಹತ್ತಿರ ಹೋದದ್ದೆಂದರೆ ಬಾಸ್ಟನ್ನಿಗೆ, ಅದೂ ನಾದಿನಿಯ ಮದುವೆಗೆ. ಅಂದಿನಿಂದ ಸ್ಟುಡಿಯೋದ ಬಾಗಿಲು ದಾಟಿದ ಮೇಲೆ ಕನಸಿನಲ್ಲಿಯೂ ಬರ್ನ್‌ಲಿಯ ಮಾತೇ ಆಡಬೇಕಾಗಿ ಬಂತು. ಬರ್ನ್‌ಲಿಗೂ ಲಂಡನ್ನಿಗೂ ಮಾತಿನಲ್ಲಿ ಇರುವ ದೂರ ಸುಮಾರು ಧಾರವಾಡಕ್ಕೂ ಬೆಂಗಳೂರಿಗೂ ಇರುವಷ್ಟು. ಪಿಟ್ಸ್‌ಬರ್ಗಿನ ಕಾರ್ಮಿಕರ ಮಾತು ಇನ್ನೊಂದು ದಿಕ್ಕು. ಆದ್ದರಿಂದ ಈ ಕತೆಯಲ್ಲಿ ಬರ್ನ್‌ಲಿಯವರು ಧಾರವಾಡದವರಂತೆಯೂ ಪಿಟ್ಸ್‌ಬರ್ಗಿನವರು ಮಂಡ್ಯದವರಂತೆಯೂ ಮಾತಾಡುತ್ತಾರೆ. ತಪ್ಪಾಗಿದ್ದರೆ ನಾಲ್ಕೂ ಊರಿನವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇವತ್ತು ಗುರುವಾರ. ಚಾನೆಲ್ಲಿನ ದೊಡ್ಡವರ ಮುಂದೆ ನಟರೆಲ್ಲ ಮೇಜಿನ ಸುತ್ತ ಕೂತು ಮೊದಲ ಕಂತನ್ನು ಓದಿ ತೋರಿಸುವ ದಿನ. ಓದು ಮೆಚ್ಚುಗೆಯಾದರೆ ನಾಳೆ ಕರಾರಿಗೆ ಸಹಿ. ಸಹಿ ಬಿದ್ದರೆ ನಟರ ಸಂಘದ ವಿಮೆ. ವಿಮೆ ಬಂದರೆ ಹೆಂಡತಿ ಲೊರೇನ್‌ಳ ಎಡ ಮಂಡಿಗೆ ಆಪರೇಷನ್. ನಾಲ್ಕು ವರ್ಷದಿಂದ ಅವಳು ಮೂರನೇ ಮಹಡಿಯ ಮನೆಗೆ ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಹತ್ತುತ್ತಿದ್ದಳು. ಡೆನ್ನಿಸ್ ಹಿಂದಿನಿಂದ ದಿನಸಿಯ ಚೀಲ ಹಿಡಿದು, ಏನೂ ಅವಸರವಿಲ್ಲದವನ ಹಾಗೆ ನಟಿಸುತ್ತಾ ಹತ್ತುತ್ತಿದ್ದ. ಅವನ ಜೀವಮಾನದ ಅತ್ಯುತ್ತಮ ನಟನೆ ಅದೇ ಇರಬೇಕು.

"ಇವತ್ತೊಂದಿನ ಬಾಯಿ ಕಾಯ್ಕೋ ಮಾರಾಯ," ಎಂದು ಲೊರೇನ್ ಬೆಳಿಗ್ಗೆ ಅವನ ಟೈ ಸರಿ ಮಾಡಿದ್ದಳು. "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಹೊಸದಾಗಿ ಇನ್ನೊಂದ್ ಊರು ಹುಟ್ಟಿಸ್ಬೇಡ."

ಸ್ಟುಡಿಯೋದಲ್ಲಿ ಮೇಕಪ್ ಮಾಡುವ ಜೀನಾ ಅವನಿಗಾಗಿಯೇ ಕಾದಿದ್ದಳು. ಇಡೀ ಸ್ಟುಡಿಯೋದ ಸುಖದುಃಖ ತನ್ನ ಹೊಣೆ ಎಂದು ತಿಳಿದ ಹೆಂಗಸು. ಕೆನ್ನೆಗೆ ಪೌಡರ್ ಹಚ್ಚುತ್ತಾ ಕಿವಿಯ ಹತ್ತಿರ ಬಾಗಿದಳು.

"ಡಾರ್ಲಿಂಗ್, ನಿಮಗೊಂದು ಸಿಹಿ ಸುದ್ದಿ. ಮೂಲ ಕತೆ ಬರೆದ ಮಾರೀನ್ ಎಂಟ್‌ವಿಸಲ್ ಮೇಡಂ ಇಂಗ್ಲೆಂಡಿಂದ ಬರ್ತಿದ್ದಾರೆ. ಅವರದು ಯಾವೂರು ಹೇಳಿ ನೋಡೋಣ?"

ಡೆನ್ನಿಸ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ.

"ಬರ್ನ್‌ಲಿ! ನಿಮ್ಮೂರೇ! ಊರಿನ ನೆನಪಲ್ಲಿ ಎಷ್ಟು ಕೊರಗ್ತಿದ್ದೀರೋ ಏನೋ ಅಂತ ಇಬ್ಬರ ಕುರ್ಚಿನೂ ಪಕ್ಕಪಕ್ಕ ಹಾಕ್ಸಿದೀನಿ. ಅರೆ, ಯಾಕೆ ಹೀಗೆ ಬಿಳಿಚಿಕೊಂಡ್ರಿ? ತಡೀರಿ, ಇನ್ನೊಂದ್ ಕೋಟ್ ಹಚ್ತೀನಿ."

ಅದೇ ಹೊತ್ತಿಗೆ ಕಿಸೆಯಲ್ಲಿ ಫೋನ್ ಕುಣಿಯಿತು. ಪಿಟ್ಸ್‌ಬರ್ಗಿನಿಂದ ಅವ್ವ. ಎತ್ತದಿದ್ದರೆ ಎತ್ತುವ ತನಕ ಮಾಡುವ ಪೈಕಿ ಆಕೆ. ಡೆನ್ನಿಸ್ ಓಡಿಹೋಗಿ ವೇಷಭೂಷಣ ತೂಗುಹಾಕಿದ್ದ ಗೂಡಿಗೆ ನುಗ್ಗಿ ಕೋಟುಗಳ ನಡುವೆ ಅಡಗಿದ.

"ಯಾಕ್ಲಾ ಮಗ, ಭಾನ್ವಾರದಿಂದ ಒಂದ್ ಫೋನೂ ಇಲ್ಲ? ಬದುಕಿದ್ದೀಯೋ ಇಲ್ವೋ?"

"ಬದುಕಿವ್ನಿ ಕಣವ್ವ. ಕೆಲ್ಸದಲ್ಲಿವ್ನಿ, ಆಮ್ಯಾಕೆ ಮಾಡ್ತೀನಿ."

"ಅದ್ಯಾಕ್ ಪಿಸುಪಿಸು ಅಂತೀಯಾ? ಕಳ್ತನ ಗಿಳ್ತನ ಮಾಡ್ತಾ ಇದ್ದೀಯೇನ್ಲಾ? ನಂಗೂ ಒತ್ತಿಲ್ಲ, ಚರ್ಚ್‌ನಲ್ಲಿ ಮುನ್ನೂರ್ ಪಿಯರೋಗಿ ಕಡುಬು ಮಡಚಾಕದೆ. ಲೊರೇನ್ ಮಂಡಿ ಎಂಗದೆ?"

"ಅಂಗೇ ಅದೆ ಕಣವ್ವ. ಇಡ್ತೀನಿ."

ಕೋಟು ಸರಿಸಿ ಹೊರಗೆ ಬಂದರೆ ಎದುರಿಗೇ ಜೀನಾ. ಡೆನ್ನಿಸನ ಜೀವ ಬಾಯಿಗೆ ಬಂತು. ಅವಳ ಮುಖದಲ್ಲಿ ಮಾತ್ರ ಕರುಣೆ ಉಕ್ಕುತ್ತಿತ್ತು.

"ಅಮೆರಿಕದವರ ಥರ ಮಾತಾಡೋಕೆ ಪ್ರ್ಯಾಕ್ಟೀಸ್ ಮಾಡ್ತಿದ್ರಾ? ಬೇಡ ಡಾರ್ಲಿಂಗ್. ಬೇಜಾರ್ ಮಾಡ್ಕೋಬೇಡಿ, ಅದು ನಿಮ್ಮ ಬಾಯಿಗೆ ಒಗ್ಗಲ್ಲ."

ಮಾತು ತಪ್ಪಿಸಿಕೊಳ್ಳಲು ಇನ್ನು ಉಳಿದ ದಾರಿ ಹಲ್ಲುನೋವು. ದವಡೆಗೆ ಹತ್ತಿ ತುರುಕಿಕೊಂಡು ಮೂಲೆಯಲ್ಲಿ ಕೂತ. ಆದರೆ ಸ್ಟುಡಿಯೋದಲ್ಲಿ ಹಲ್ಲುನೋವಿಗೆ ಮದ್ದು ಗೊತ್ತಿಲ್ಲದವರೇ ಇರಲಿಲ್ಲ. ಒಬ್ಬ ಲವಂಗದ ಎಣ್ಣೆ ತಂದ, ಇನ್ನೊಬ್ಬ ಐಸ್ ತಂದ, ಲೈಟಿನವನು ಹಲ್ಲನ್ನೇ ಕೀಳುತ್ತೇನೆಂದು ಇಕ್ಕಳ ಹಿಡಿದು ಬಂದ. ಇಕ್ಕಳ ನೋಡಿದ್ದೇ ತಡ, ನೋವು ತಾನಾಗಿಯೇ ವಾಸಿಯಾಯಿತು. ಬಾಯಿಯಿಂದ ಹತ್ತಿ ತೆಗೆಯುವುದಕ್ಕೂ ಮಾರೀನ್ ಎಂಟ್‌ವಿಸಲ್ ಒಳಗೆ ಬರುವುದಕ್ಕೂ ಸರಿಹೋಯಿತು.

ಎಪ್ಪತ್ತು ದಾಟಿದ ಗಿಡ್ಡ ಹೆಂಗಸು. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲೂ ಮಳೆಕೋಟು ಬಿಚ್ಚಿರಲಿಲ್ಲ. ಸೀದಾ ಡೆನ್ನಿಸನ ಮುಂದೆ ಬಂದು ನಿಂತಳು.

"ನೀ ಏನಪಾ ನಮ್ಮೂರಾಂವ? ಪೆಟ್ರಾಕ್ ಅಂತ ನಮ್ಮ ಕಡೆ ಯಾರೂ ಇಲ್ಲಲ್ಲ. ಯಾರ ಪೈಕಿ?"

"ನಮ್ಮಪ್ಪ ಹೊರಗಿನಾಂವ ಇದ್ದಾರಿ," ಎಂದ ಡೆನ್ನಿಸ್.

"ಮನಿ ಎಲ್ಲಿತ್ತು?"

"ಕಾಲುವಿ ದಂಡಿಗ್ರಿ."

"ಸಾಲಿ?"

"ಕಾಲುವಿ ಆಚೀಕಡೆ."

"ನಿಮ್ಮಪ್ಪ ಏನ ಕೆಲಸಾ ಮಾಡತಿದ್ದಾ?"

"ಗಿರಣ್ಯಾಗ್ರಿ. ಅದೂ ಅಲ್ಲೇ, ಕಾಲುವಿ ಹತ್ರ."

ಅವನ ಇಡೀ ಬಾಲ್ಯ ಎಲ್ಲರ ಕಣ್ಣೆದುರಿಗೇ ಕಾಲುವೆಯಲ್ಲಿ ಮುಳುಗುತ್ತಿತ್ತು. ಮಾರೀನ್ ಕನ್ನಡಕ ಏರಿಸಿ ಒಂದು ಗಳಿಗೆ ಅವನನ್ನೇ ನೋಡಿದಳು.

"ಇರ್ಲಿ. ಒಂದ ಕಪ್ ಚಾ ಮಾಡಿಕೊಂಡ ಬಾ ಹಂಗಾರ. ಈ ಊರಿಗೆ ಬಂದಾಗಿಂದ ಬಾಯಾಗ ಇಡೂವಂಥಾ ಚಾ ಕಂಡಿಲ್ಲ."

ಇಂಗ್ಲೆಂಡಿನವನು ಇಂಗ್ಲೆಂಡಿನವಳಿಗೆ ಚಹಾ ಮಾಡಿಕೊಡುವುದನ್ನು ನೋಡಲು ಇಡೀ ಸ್ಟುಡಿಯೋ ನೆರೆಯಿತು. ಸ್ಕಿಪ್ ಫೋನಿನಲ್ಲಿ ಚಿತ್ರ ಹಿಡಿಯತೊಡಗಿದ. ಕ್ಯಾಸೆಟ್ಟಿನಲ್ಲಿ ಆಲ್ಫ್ ಚಹಾ ಕುಡಿಯುವುದನ್ನು ಡೆನ್ನಿಸ್ ನೂರು ಸಲ ನೋಡಿದ್ದ. ಕಪ್ಪು ಆರಿಸಿದ, ಹಾಲು ತೆಗೆದ, ಚಹಾ ಚೀಲವನ್ನು ದಾರ ಹಿಡಿದು ಗಂಭೀರವಾಗಿ ಎತ್ತಿದ. ಎಲ್ಲ ಸುಸೂತ್ರ. ಆಮೇಲೆ ಕಪ್ಪಿಗೆ ತಣ್ಣೀರು ತುಂಬಿ, ಎಷ್ಟೋ ವರ್ಷದ ಅಭ್ಯಾಸದಂತೆ, ಮೈಕ್ರೋವೇವ್‌ನೊಳಗೆ ಇಟ್ಟು, ಎರಡು ನಿಮಿಷಕ್ಕೆ ಒತ್ತಿದ.

ಯಂತ್ರ ಗುಂಯ್ಗುಟ್ಟಿತು. ಸುತ್ತ ನಿಂತವರಿಗೆ ಏನೂ ಅನಿಸಲಿಲ್ಲ. ಅವರೆಲ್ಲ ನೀರು ಕಾಯಿಸುವುದೇ ಹಾಗೆ. ಜೀನಾ ಚಪ್ಪಾಳೆಯನ್ನೂ ತಟ್ಟಿದಳು. ಕೆಟಲಿನಲ್ಲಿ ಕುದಿಸದ ನೀರಿನಲ್ಲಿ ಚಹಾ ಮಾಡುವವರು ಇಂಗ್ಲೆಂಡಿನಲ್ಲಿ ಮಾತ್ರ ಇಲ್ಲ. ಮಾರೀನ್ ಎದೆ ಹಿಡಿದುಕೊಂಡು, ಡೆನ್ನಿಸನ ತೋಳು ಹಿಡಿದು, ಸೆಟ್ಟಿನ ಫ್ರಿಜ್ಜಿನ ಹಿಂದಕ್ಕೆ ಎಳೆದೊಯ್ದಳು.

"ಖರೇ ಹೇಳು. ಯಾವೂರಾಂವ ನೀ?"

"ಪಿಟ್ಸ್‌ಬರ್ಗು," ಎಂದ ಡೆನ್ನಿಸ್. ತಡೆಯಲಾರದೆ ಮಂಡಿ, ವಿಮೆ, ಮೂರನೇ ಮಹಡಿ, ಕ್ಯಾಸೆಟ್ಟುಗಳು, ಹನ್ನೊಂದು ಜನ ಅಸಲಿಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಕ್ಕಿಬಿಟ್ಟ.

ಮಾರೀನ್ ಮಳೆಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

"ನೀ ಆಡೂದು ಬರ್ನ್‌ಲಿ ಮಾತಲ್ಲ ತಮ್ಮಾ. ನನ್ನ ಗಂಡನ ಮಾತು. ಕ್ಯಾಸೆಟ್ಟಿನ್ಯಾಗ ನೀ ಕೇಳಿದ ಆಲ್ಫ್ ನನ್ನ ಹೆರಾಲ್ಡ್. ಅಂವಾ ಹೋಗಿ ಆರ ವರ್ಷಾತು. ನೀ ಬಾಯಿ ತಗದ ಕೂಡಲೇ ಎದಿ ಧಸಕ್ ಅಂತು." ಮೂಗು ಒರೆಸಿಕೊಂಡಳು. "ಚಾ ಮಾತ್ರ ಅಂವಾ ಹಿಂಗ ಮಾಡಿದ್ದರ ಅವತ್ತ ಮನಿ ಬಿಟ್ಟ ಓಡಸ್ತಿದ್ದೆ. ಚಿಂತಿ ಬಿಡು. ಯಾರ ಏನ ಕೇಳಲಿ, ನೀ ಬರ್ನ್‌ಲಿಯಾಂವ. ಇದು ನನ್ನ ಮಾತು. ನನ್ನ ಮಾತ ನಾ ಎಂದೂ ತಪ್ಪಿಲ್ಲ."

ಡೆನ್ನಿಸನಿಗೆ ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಯಿತು. ಮುದುಕಿಯ ಎರಡೂ ಕೈ ಹಿಡಿದು ಕುಲುಕಿದ.

ಓದು ಹೂವೆತ್ತಿದಂತೆ ಸಾಗಿತು. ಆಲ್ಫ್ ಬಾಯಿಬಿಟ್ಟಾಗಲೆಲ್ಲ ಮೇಜಿನ ಸುತ್ತ ನಗು. ಮಾರೀನ್ ಒಂದೆರಡು ಕಡೆ ನಕ್ಕಳು, ಒಂದು ಕಡೆ ಅತ್ತಳು. ಮುಗಿದ ಮೇಲೆ ಚಾನೆಲ್ಲಿನ ಮುಖ್ಯಸ್ಥೆ ಮೆರೆಡಿತ್ ಕ್ವಿನ್ ಕೈ ಜೋಡಿಸಿ ಮುಂದಕ್ಕೆ ಬಾಗಿದಳು.

"ಅದ್ಭುತ. ಒಂದು ಅಕ್ಷರಾನೂ ಬದಲಾಯಿಸಬಾರದು. ಒಂದೇ ಒಂದು ಸಣ್ಣ ಸಲಹೆ."

ಆ ಕಸುಬಿನಲ್ಲಿ ಸಣ್ಣ ಸಲಹೆಯೆಂದರೆ ಬುಲ್ಡೋಜರಿಗೆ ಇಟ್ಟ ಮುದ್ದಿನ ಹೆಸರು. ಸ್ಕಿಪ್ ಕಣ್ಣು ಮುಚ್ಚಿಕೊಂಡ.

"ಆಲ್ಫ್ ಸೂಪರ್. ಮಾತು ಅರ್ಥ ಆಗಲ್ಲ, ಅಷ್ಟೇ. ನಲವತ್ತು ಜನಕ್ಕೆ ರಿಹರ್ಸಲ್ ತೋರಿಸಿದ್ವಿ. ಮೂವತ್ತೊಂದು ಜನ ಅವನನ್ನ ಡೆನ್ಮಾರ್ಕಿನವನು ಅಂದ್ಕೊಂಡ್ರು. ಜನಕ್ಕೆ ನಮ್ಮ ನೆಲದ ಸೊಗಡು ಬೇಕು. ಅಂಗಡೀನ ಪಿಟ್ಸ್‌ಬರ್ಗಿಗೆ ಹಾಕೋಣ. ಆಲ್ಫ್ ಅಲ್ಲಿನವನೇ ಆಗ್ಲಿ." ಡೆನ್ನಿಸನ ಕಡೆ ತಿರುಗಿ ದನಿ ತಗ್ಗಿಸಿದಳು. "ನಿಮಗೆ ಇನ್ನೊಂದು ಕಡೆ ಒಳ್ಳೇದಾಗ್ಲಿ."

ಡೆನ್ನಿಸನ ಕಣ್ಣ ಮುಂದೆ ಮೊದಲು ಮೆಟ್ಟಿಲು ಬಂತು, ಮೆಟ್ಟಿಲ ಮೇಲೆ ಲೊರೇನ್. ಆಮೇಲೆ ಮೆಲ್ಲಗೆ ಮಾತಿನ ಅರ್ಥ ತಲೆಗೆ ಹೋಯಿತು. ಪಿಟ್ಸ್‌ಬರ್ಗ್! ಕುರ್ಚಿ ಬೀಳುವಂತೆ ಎದ್ದು ನಿಂತ. ಆರು ವಾರದಿಂದ ಬಿಗಿಹಿಡಿದಿದ್ದ ನಾಲಿಗೆ ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು.

"ಏ, ತಡೀರಿ! ನಾನೇ ಪಿಟ್ಸ್‌ಬರ್ಗ್‌ನೋನು ಕಣ್ರೀ! ಅಲ್ಲೇ ಉಟ್ಟಿದ್ದು, ಅಲ್ಲೇ ಬೆಳ್ದಿದ್ದು! ನಮ್ಮಪ್ಪ ಉಕ್ಕಿನ್ ಕಾರ್ಖಾನೇಲಿ ಮೂವತ್ ವರ್ಸ ಬೆವರು ಸುರಿಸವ್ನೆ. ನಮ್ಮವ್ವ ಈಗ್ಲೂವೆ ಚರ್ಚ್‌ನಲ್ಲಿ ಪಿಯರೋಗಿ ಮಡಚ್ತಾ ಅವ್ಳೆ!"

ಮೇಜಿನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಛೆ ಛೆ," ಎಂದಳು ಮೆರೆಡಿತ್. "ತುಂಬಾ ಉತ್ಪ್ರೇಕ್ಷೆ. ಅಲ್ಲಿನ ಜನ ಹೀಗೆಲ್ಲ ಮಾತಾಡಲ್ಲ. ಆ ಊರಿನ ಏರ್‌ಪೋರ್ಟಲ್ಲಿ ನಾಲ್ಕು ಗಂಟೆ ಕೂತಿದ್ದವಳು ನಾನು."

"ಗುರೂ, ನಿನ್ನ ಧೈರ್ಯ ಮೆಚ್ಚಿದೆ," ಎಂದು ಸ್ಕಿಪ್ ಬೆನ್ನು ತಟ್ಟಿದ. "ಆದ್ರೆ ಇಂಗ್ಲೆಂಡಿನವರು ನಮ್ಮನ್ನ ಅಣಕಿಸಿದ ಹಾಗಿದೆ."

ಬಾಗಿಲಲ್ಲಿ ನಿಂತಿದ್ದ ಜೀನಾ ಕರಗಿಹೋದಳು. "ಪಾಪ, ಬೆಳಿಗ್ಗೆ ಬಟ್ಟೆ ಗೂಡಲ್ಲಿ ನಿಂತು ಪ್ರ್ಯಾಕ್ಟೀಸ್ ಮಾಡ್ತಿದ್ರು. ನಾನೇ ಕೇಳಿದೀನಿ."

ಡೆನ್ನಿಸ್ ಕಿಸೆಯಿಂದ ಡ್ರೈವಿಂಗ್ ಲೈಸೆನ್ಸ್ ಕಿತ್ತು ತೆಗೆದ. ಅದರಲ್ಲಿದ್ದದ್ದು ಬರ್ಬ್ಯಾಂಕಿನ ವಿಳಾಸ. ಕಡೆಗೆ ಮುಳುಗುವವನು ಕೈ ಚಾಚಿದಂತೆ ಮಾರೀನ್ ಕಡೆ ಕೈ ತೋರಿಸಿದ.

"ಸುಳ್ಳಾದ್ರೆ ಈ ಯಮ್ಮನ್ನೇ ಕೇಳಿ! ಇವ್ರಿಗೆ ಎಲ್ಲಾ ಗೊತ್ತದೆ!"

ಎಲ್ಲರೂ ಮಾರೀನ್ ಕಡೆ ತಿರುಗಿದರು. ಹುಡುಗ ಹೆದರಿ ಗುಟ್ಟು ಬಾಯಿಬಿಟ್ಟಿದ್ದಾನೆ, ಈಗಲಾದರೂ ನಾನು ಕಾಪಾಡಬೇಕು ಎಂದುಕೊಂಡ ಆಕೆ, ಮಳೆಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತಳು.

"ಇಂವಾ ನಮ್ಮ ಬರ್ನ್‌ಲಿ ಹುಡುಗ," ಎಂದು ಗಟ್ಟಿಯಾಗಿ ಹೇಳಿದಳು. "ಇವನವ್ವನ್ನ ನಾ ಸಣ್ಣಾಕಿ ಇದ್ದಾಗಿಂದ ಬಲ್ಲೆ. ಕಾಲುವಿ ದಂಡಿಗೆ ಮನಿ." ಕೂರುತ್ತಾ ಡೆನ್ನಿಸನಿಗೆ ಒಂದು ಕಣ್ಣು ಮಿಟುಕಿಸಿದಳು.

ಅಲ್ಲಿಗೆ ಡೆನ್ನಿಸನ ಪಿಟ್ಸ್‌ಬರ್ಗ್ ಕಾಲುವೆ ಪಾಲಾಯಿತು. ಆದರೆ ಮುದುಕಿ ಅಷ್ಟಕ್ಕೇ ಬಿಡಲಿಲ್ಲ. ಮೆರೆಡಿತ್ ಕಾಗದ ಜೋಡಿಸಿಕೊಂಡು ಏಳುವಷ್ಟರಲ್ಲಿ ಮೇಜು ಕುಟ್ಟಿದಳು.

"ನನ್ನ ಹೆರಾಲ್ಡ್‌ನ ಪಾತ್ರ ಮಾಡಿದ್ರ ಇಂವಾನ ಮಾಡಬೇಕು. ಆಲ್ಫ್ ಯಾರಾಗಬೇಕನ್ನೂದು ನಾ ಒಪ್ಪಬೇಕಂತ ಕರಾರಿನ ಕಾಗದದಾಗ ಬರದದ. ಊರ ಬೇಕಾದ್ದ ಮಾಡಿಕೊಳ್ರಿ, ಹುಡುಗನ್ನ ಬಿಟ್ರ ಕತಿನೂ ಬಿಡ್ರಿ."

ವಕೀಲನಿಗೆ ಫೋನ್ ಹೋಯಿತು. ಕಾಗದದಲ್ಲಿ ಹಾಗೆಯೇ ಬರೆದಿತ್ತು. ಅರ್ಧ ಗಂಟೆಯ ಮೇಲೆ ಮೆರೆಡಿತ್ ತೀರ್ಪು ಹೇಳಿದಳು: ಡೆನ್ನಿಸನೇ ಆಲ್ಫ್, ಸಹಿ ನಾಳೆಯೇ, ಪಿಟ್ಸ್‌ಬರ್ಗಿನ ಮಾತು ಕಲಿಸಲು ಮೇಷ್ಟ್ರೊಬ್ಬರನ್ನು ಗೊತ್ತುಮಾಡಲಾಗುವುದು.

ಮೇಷ್ಟ್ರು ನಾಲ್ಕು ಗಂಟೆಗೆ ಬಂದ. ಹೆಸರು ನೈಜೆಲ್, ಊರು ಲಂಡನ್. ಆರು ವಾರದ ಹಿಂದೆ ಇಂಗ್ಲೆಂಡಿನವನಂತೆ ಕಾಣುವುದಿಲ್ಲವೆಂದು ಸ್ಕಿಪ್ ವಾಪಸು ಕಳಿಸಿದ್ದ ಹನ್ನೊಂದು ಜನರಲ್ಲಿ ನಾಲ್ಕನೆಯವನು. ಹೊಟ್ಟೆಪಾಡಿಗೆ ಈಗ ಅಮೆರಿಕದ ಮಾತು ಕಲಿಸುತ್ತಿದ್ದ. ಡೆನ್ನಿಸನಿಂದ ನಾಲ್ಕು ಸಾಲು ಓದಿಸಿ ತಲೆ ಅಲ್ಲಾಡಿಸಿದ.

"ಇದನ್ನ ಎಲ್ಲಿ ಕಲಿತ್ರಿ?"

"ನಮ್ಮವ್ವನ ಹತ್ರ."

"ಅದಕ್ಕೇ. ಬರ್ನ್‌ಲಿಯ ಅಮ್ಮನಿಂದ ಪಿಟ್ಸ್‌ಬರ್ಗ್ ಮಾತು ಕಲಿತ್ರೆ ಹೀಗೇ ಆಗೋದು. ಅದನ್ನೆಲ್ಲ ಮೊದಲು ಮರೀರಿ."

ಸಂಜೆ ಮನೆಗೆ ಬಂದಾಗ ಲೊರೇನ್ ಎರಡನೇ ಮಹಡಿಯ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಡೆನ್ನಿಸ್ ಪಕ್ಕದಲ್ಲಿ ಕೂತು ಮೊದಲಿಂದ ಕಡೆಯವರೆಗೆ ಎಲ್ಲವನ್ನೂ ಹೇಳಿದ. ಅವಳು ಕಟಕಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಹಾಗಾದ್ರೆ ಮಂಡಿ?" ಎಂದು ಕಡೆಗೆ ಕೇಳಿದಳು.

"ನಾಳೆ ಸಹಿ. ಡಾಕ್ಟರಿಗೆ ಫೋನ್ ಮಾಡು."

ಲೊರೇನ್ ಅವನ ಭುಜಕ್ಕೆ ತಲೆ ಒರಗಿಸಿದಳು. ಡೆನ್ನಿಸನಿಗೆ ಬೇಕಾಗಿದ್ದದ್ದೂ ಇಷ್ಟೇ. ಆಗ ಮತ್ತೆ ಫೋನ್ ಕುಣಿಯಿತು.

"ಮುನ್ನೂರೂ ಮಡಚಾಯ್ತು ಕಣ್ಲಾ," ಎಂದಳು ಅವ್ವ. "ಕೆಲ್ಸ ಏನಾಯ್ತು?"

"ಸಿಕ್ತು ಕಣವ್ವ. ಪಿಟ್ಸ್‌ಬರ್ಗ್‌ನೋನ್ ಪಾತ್ರ."

"ಅಯ್ಯೋ ಮಂಕೆ, ಅದ್ರಲ್ಲಿ ಕಲಿಯಾದೇನದೆ? ಬಾಯ್ ತಗುದ್ರೆ ಸಾಕು."

ಡೆನ್ನಿಸ್ ನೈಜೆಲ್ ಕೊಟ್ಟಿದ್ದ ಪಾಠದ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡ. ಸಾಲು ಸಾಲಿಗೂ ಕೆಂಪು ಶಾಯಿಯ ಗೀಟು.

"ಕಲೀತಾ ಇವ್ನಿ ಕಣವ್ವ," ಎಂದ. "ಇನ್ನೂವೆ ಸರ್ಯಾಗ್ ಬತ್ತಾ ಇಲ್ಲ."